ಡಿಸ್ಕಿಗೆ ಹಚ್ಚಿದ ಅರಿಸಿನ

ನಾಳೆ ಆಯುಧಪೂಜೆ. ನನ್ನಾಕೆ ಒಳಗೆ ಅರಿಸಿನ ಕಲಸುತ್ತಿದ್ದಾಳೆ, ವಾಸನೆ ಜಗಲಿಯವರೆಗೂ ಬಂದಿದೆ. ನಿಮಗೆ ಅದು ಹಬ್ಬದ ವಾಸನೆ ಇರಬಹುದು. ನನಗೆ ಅದು ಹಳೆಯ ಕೆಲಸದ ಶೆಡ್ಡಿನ ವಾಸನೆ.

ಹಾಸನದಲ್ಲಿ ನಾನಿದ್ದ ಶೆಡ್ಡಿಗೆ ವಿಮಾನದ ಎಂಜಿನ್ನಿನ ಟರ್ಬೈನ್ ಡಿಸ್ಕುಗಳು, ಅಂದರೆ ಒಳಗೆ ಬಿರುಸಾಗಿ ತಿರುಗುವ ಲೋಹದ ಚಕ್ರಗಳು, ತಪಾಸಣೆಗೆ ಬರುತ್ತಿದ್ದವು. ಇಷ್ಟು ಹಾರಾಟ ಆದ ಮೇಲೆ ಬಿಚ್ಚಿ ನೋಡಲೇಬೇಕೆಂದು ಕಾನೂನು. ಹೊಳೆಯುವ ಒಂದು ಎಣ್ಣೆ ಬಳಿದು, ತೊಳೆದು, ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಿಡಿಯುವುದು. ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಹಳದಿ ಗೆರೆಯಾಗಿ ಕಾಣುತ್ತದೆ. ಕತ್ತಲಲ್ಲಿ ಕೂರೋದಕ್ಕೂ ಸಂಬಳವೇ ಎಂದು ನೆಂಟರು ಕೇಳುತ್ತಿದ್ದರು. ನಾನೂ ಹೆಚ್ಚು ವಾದಿಸುತ್ತಿರಲಿಲ್ಲ.

ನೋಡಿ ಮುದ್ರೆ ಒತ್ತುವವರು ಹಳ್ಳಿಮೈಸೂರಿನ ನಂಜುಂಡಣ್ಣ. ವಿಭೂತಿ ಇಲ್ಲದೆ ಕೆಲಸಕ್ಕೆ ಬಂದವರಲ್ಲ. ಒಂದು ಆಯುಧಪೂಜೆಯ ದಿನ ಲೇತಿಗೆ ಪೂಜೆ ಮಾಡಿದವರು, ಸಾಲಾಗಿ ಕೂತಿದ್ದ ಡಿಸ್ಕುಗಳನ್ನು ಬಿಡುವುದು ಹೇಗೆಂದು ಅವಕ್ಕೂ ಮೂರು ಬೆರಳಲ್ಲಿ ಅರಿಸಿನ ಎಳೆದರು. ನಾವೆಲ್ಲ ಕೈಮುಗಿದೆವು. ನೇರಳೆ ಬೆಳಕಲ್ಲಿ ಅರಿಸಿನವೂ ಹಳದಿಯಾಗಿ ಬೆಳಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ರಜೆ ಮುಗಿಸಿ ಬಂದು, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಳಿದು ದೀಪ ಹಿಡಿದರೆ ಡಿಸ್ಕೆಲ್ಲ ದೀಪಾವಳಿ. ನಕ್ಕು ನಕ್ಕು ಸಾಕಾಯಿತು. ಚೆನ್ನಾಗಿ ಉಜ್ಜಿ ತೊಳೆದು ಮತ್ತೆ ಪರೀಕ್ಷೆ ಮಾಡಿದೆವು. ಒಂದು ಡಿಸ್ಕಿನಲ್ಲಿ, ಬೋಲ್ಟಿನ ತೂತಿನ ಪಕ್ಕ, ಮೊದಲ ಸಲ ಕೂದಲೆಳೆಯಷ್ಟು ಗೆರೆ ಕಂಡಿತ್ತು. ಎರಡನೇ ಸಲ ಏನೂ ಇಲ್ಲ. ಅರಿಸಿನವೇ ಇರಬೇಕೆಂದು ನಂಜುಂಡಣ್ಣ ಮುದ್ರೆ ಒತ್ತಿದರು. ಲಾರಿ ಹೋಯಿತು.

ಮಧ್ಯಾಹ್ನ ಬುತ್ತಿ ಬಿಚ್ಚಿದ ನಂಜುಂಡಣ್ಣ ತಿನ್ನಲಿಲ್ಲ.

"ಬಿರುಕೇ ಇದ್ದು, ಅದ್ರ ಆಳಕ್ಕೆ ಅರಿಸಿನ ಓಗಿ ಕಚ್ಕಂಡಿದ್ರೆ? ಎಣ್ಣೆ ಎಂಗಪ್ಪ ಇಳೀತದೆ?"

ವಾಪಸ್ ತರಿಸಿ ಎಂದು ಸೂಪರ್‌ವೈಸರನ್ನು ಬೇಡಿದರು. ನಿಯಮದಂತೆ ಪಾಸಾಗಿದೆ, ಪೂಜೆಯ ಕತೆ ಹೊರಗೆ ಹೋದರೆ ಶೆಡ್ಡಿಗೇ ಬೀಗ ಎಂದರು ಅವರು.

ಅಲ್ಲಿಂದಾಚೆ ನಂಜುಂಡಣ್ಣ ಬೆಳಗಾದರೆ ಪೇಪರಿನಲ್ಲಿ ವಿಮಾನದ ಸುದ್ದಿ ಹುಡುಕುವವರಾದರು. ಮುದ್ರೆ ಒತ್ತುವವರಿಗೆ ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದರು, ಮುದ್ರೆ ಕೈಬಿಟ್ಟಿತು. ಅದೇ ಸಂಜೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ, ನನಗಿನ್ನೂ ಬಸ್ಸೇ ಸರಿಯಾಗಿ ಕಾಣದಿದ್ದಾಗ, ದೂರದಿಂದಲೇ ಅದರ ಬೋರ್ಡು ಓದಿ ಹೇಳಿದರು. ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಓದಿದ್ದರು. ನನಗೆ ಅಳು ಬಂತು.

ಹೋದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಆ ಡಿಸ್ಕು ಬೇರೆ ಕಡೆ ಮತ್ತೆ ತಪಾಸಣೆಗೆ ಬಂದಿತ್ತಂತೆ, ಬಿರುಕಿಲ್ಲವಂತೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ.

"ಸುಳ್ಳು ಅಂತ ಗೊತ್ತು ಕಣಪ್ಪ. ಇನ್ನೊಂದ್ಸಲ ಅಂಗೇ ಅನ್ನು."

ಹೇಳಿದೆ.

ಈಗ ಅವರಿಲ್ಲ. ಡಿಸ್ಕು ಎಲ್ಲೋ ಹಾರುತ್ತಿರಬೇಕು. ಬೆಳಗಾದರೆ ಪೇಪರಿನಲ್ಲಿ ವಿಮಾನದ ಸುದ್ದಿ ಈಗ ನಾನು ಹುಡುಕುತ್ತೇನೆ. ನನಗೆ ಆ ಸುಳ್ಳು ಹೇಳುವವರು ಯಾರೂ ಇಲ್ಲ.