ಅಕ್ಕನ ಮಗಳ ಹಾಡು ಮತ್ತು ಕೇಳದೇ ಆಡಿಕೊಂಡವರು

ನನ್ನ ಅಕ್ಕನ ಮಗಳ ಮೊದಲ ಆಲ್ಬಮ್ ಹೊರಬಂದ ವಾರವೇ ನಾನು ರೈಲಿನಲ್ಲಿ ಒಬ್ಬಾಕೆಯ ಜೊತೆ ಮಾತು ಬಿಟ್ಟೆ. ನನ್ನ ಮನೆ ಮಂಡ್ಯದಲ್ಲಿ. ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಬೆಳಗಿನ ರೈಲಿನಲ್ಲಿ ನನ್ನಂತೆ ಕೆಲಸಕ್ಕೆ ಹೋಗುವ ಹೆಂಗಸರದೇ ಒಂದು ಗುಂಪಿದೆ. ಒಬ್ಬರ ಡಬ್ಬಿಯ ಚಿತ್ರಾನ್ನ ಇನ್ನೊಬ್ಬರ ಬಾಯಿಗೆ ಹೋಗುವಷ್ಟು ಸಲಿಗೆ. ಅವತ್ತು ನನ್ನ ಎದುರು ಕೂತಿದ್ದಾಕೆ ಮೊಬೈಲಿನಲ್ಲಿ ಜೋರಾಗಿ ಒಂದು ಹಾಡು ಹಾಕಿ, ಪಕ್ಕದವರನ್ನೆಲ್ಲ ಕರೆದು ನಗತೊಡಗಿದಳು.

"ಕೇಳ್ರೀ ಮೇಡಂ, ಮದ್ವೆ ಮನೇಲಿ ಮಿಕ್ಸಿ ಆನ್ ಮಾಡ್ದಂಗಿಲ್ವಾ? ಮುದುಕಿ ಒಂದ್ ಕಡೆ ಕೂಗ್ತಾವ್ಳೆ, ಉಡುಗಿ ಒಂದ್ ಕಡೆ ಬೈಯ್ತಾವ್ಳೆ."

ಅದು ನಮ್ಮ ಹುಡುಗಿಯ ಹಾಡು. ಕೂಗುತ್ತಿದ್ದ ಮುದುಕಿ ನನ್ನ ಅಕ್ಕನ ಅತ್ತೆ.

"ಅವ್ಳು ನನ್ನ ಅಕ್ಕನ ಮಗಳು" ಎಂದೆ.

ಆಕೆ ತಕ್ಷಣ ಹಾಡು ನಿಲ್ಲಿಸಿದಳು. "ಅಯ್ಯೋ, ನಿಮ್ಮುಡುಗೀನಾ? ಮೊದ್ಲೇ ಹೇಳ್ಬಾರ್ದಾ! ಚೆನ್ನಾಗದೆ ಬುಡಿ."

ಆ "ಬುಡಿ" ಇದೆಯಲ್ಲ, ಅದು ಮಿಕ್ಸಿಗಿಂತ ಹೆಚ್ಚು ಉರಿಸಿತು. ಚೆನ್ನಾಗಿಲ್ಲ ಎಂದೇ ಹೇಳಿದ್ದರೆ ಯಾಕೆ ಎಂದು ಕೇಳಬಹುದಿತ್ತು. ಅರ್ಧ ನಿಮಿಷ ಕೇಳಿ ನಕ್ಕವಳು, ನೆಂಟಸ್ತಿಕೆ ಗೊತ್ತಾದ ಕೂಡಲೇ ಮೆಚ್ಚಿಬಿಟ್ಟಳು. ಎರಡರಲ್ಲೂ ಹಾಡಿಗೆ ಜಾಗವಿರಲಿಲ್ಲ. ಮಾರನೆಯ ದಿನದಿಂದ ನಾನು ಬೇರೆ ಬೋಗಿ ಹತ್ತಿದೆ.

ನಮ್ಮ ಭಾವನಿಗೆ ಮಳವಳ್ಳಿ ಹತ್ತಿರ, ಹೊಳೆ ಪಕ್ಕದ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಅವರ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದು, ಹುಡುಗಿ ಎರಡು ವರ್ಷ ಕೂತು ಆ ಆಲ್ಬಮ್ ಮಾಡಿದಳು. ಅವಳ ಅಜ್ಜಿ, ಅಂದರೆ ಅಕ್ಕನ ಅತ್ತೆ, ಮಳವಳ್ಳಿ ಸುತ್ತಿನ ಮದುವೆ ಮನೆಗಳಲ್ಲಿ ಸೋಬಾನೆ ಹೇಳಿಕೊಂಡು ಬಂದವರು. ಅವರ ದನಿಯನ್ನು ಹಿಡಿದು, ಅದರ ಕೆಳಗೆ ತಮಟೆ ಪೆಟ್ಟು ಇಟ್ಟು, ಗಿಟಾರ್ ಸೇರಿಸಿ, ನಡುನಡುವೆ ತಾನು ರ‍್ಯಾಪ್ ಮಾಡಿದ್ದಳು. ಒಂದು ಹಾಡು ಪೂರ್ತಿ ಸೋಬಾನೆಯ ಧಾಟಿ, ಆದರೆ ಮಾತು ಸ್ಕೂಟರ್ ಕಲಿಯುವ ಹೆಂಗಸಿನದು. ಇನ್ನೊಂದರಲ್ಲಿ ಮಾತೇ ಇಲ್ಲ, ಬರೀ ಗುನುಗು ಮತ್ತು ನೀರಿನ ಮೊರೆತ. ನನಗೆ ಎಲ್ಲವೂ ಹಿಡಿಸಿತೆಂದು ಸುಳ್ಳು ಹೇಳಲಾರೆ. ಎರಡು ಹಾಡಿನಲ್ಲಿ ಗದ್ದಲ ಜಾಸ್ತಿ ಎನಿಸಿತು. ಅದನ್ನು ಅವಳಿಗೇ ಹೇಳಿದೆ. "ಹ್ಞೂಂ ಚಿಕ್ಕಮ್ಮ, ಒಂದು ಬೇಕಂತ್ಲೇ ಹಂಗ್ ಮಾಡಿದ್ದು, ಇನ್ನೊಂದು ಕೈ ಮೀರೋಯ್ತು" ಎಂದು ನಕ್ಕಳು.

ಜನರ ಅಭಿಪ್ರಾಯಗಳು ಬರತೊಡಗಿದವು. ಮೊಬೈಲಿನಲ್ಲಿ ಹಾಡಿನ ಕೆಳಗೆ ಬರೆಯುತ್ತಾರಲ್ಲ, ಅವನ್ನು ಓದಬೇಡವೆಂದು ಅಕ್ಕ ಹೇಳಿದರೂ ನಾನು ಸ್ಟಾಫ್ ರೂಮಿನಲ್ಲಿ ಕೂತು ಓದುತ್ತಿದ್ದೆ. ಒಳ್ಳೆಯ ಮಾತುಗಳೂ ಇದ್ದವು. ತನ್ನ ಅವ್ವನ ದನಿ ಕೇಳಿದಂತಾಯಿತು ಎಂದು ಯಾರೋ ಬರೆದಿದ್ದರು. ಉಳಿದವರದು ಮಾತ್ರ ಮೈ ಉರಿಸುವಂಥದ್ದು. ಒಬ್ಬ, ಇದು ಕನ್ನಡವೇ ಅಲ್ಲ, ಹಳ್ಳಿ ಗುಗ್ಗುವಿನ ಭಾಷೆ ಎಂದ. ಇನ್ನೊಬ್ಬ, ಹಳ್ಳಿಯ ಹಾಡು ಕೆಡಿಸಿದಳು ಎಂದ. ಒಬ್ಬನಿಗೆ ಹಳ್ಳಿ ಹೆಚ್ಚಾಯಿತು, ಇನ್ನೊಬ್ಬನಿಗೆ ಕಡಿಮೆಯಾಯಿತು. ಅವಳ ಮೂಗುತಿ, ಮೈಬಣ್ಣ, ಜೀನ್ಸ್ ಬಗ್ಗೆ ಬರೆದವರೇ ಹೆಚ್ಚು. ಹಾಡಿನ ಕೆಳಗೆ ಜೀನ್ಸಿನ ವಿಮರ್ಶೆ!

ಇದೆಲ್ಲಕ್ಕಿಂತ ನನಗೆ ಸಿಟ್ಟು ತರಿಸಿದ್ದು ಗುರುತಿನವರು ಕೇಳುತ್ತಿದ್ದ ಒಂದೇ ಪ್ರಶ್ನೆ. ಬ್ಲಫಿನಲ್ಲಿ ಭಾವನ ಜೊತೆ ಕೆಲಸ ಮಾಡುವವರೊಬ್ಬರು ಮನೆಗೆ ಬಂದು, ಕಾಫಿ ಲೋಟ ಕೆಳಗಿಡುತ್ತ ಕೇಳಿದರು:

"ಆಡು ಚೆನ್ನಾಗವೆ. ಮ್ಯೂಜಿಕ್ ಯಾರು ಮಾಡ್ಕೊಟ್ರು?"

"ನಾನೇ ಸಾರ್" ಎಂದಳು ಹುಡುಗಿ.

"ಅದಲ್ಲ ಕಣಮ್ಮ, ಆಡಿದ್ದು ನೀನೇ. ಮ್ಯೂಜಿಕ್ಕು?"

"ಅದೂ ನಾನೇ."

ಅವರು ಭಾವನ ಕಡೆ ತಿರುಗಿ, "ಯಾರೋ ಉಡುಗರು ಸಾಯ ಮಾಡಿರ್ಬೇಕು" ಎಂದರು. ಎದುರಿಗೇ ಕೂತ ಹುಡುಗಿ ಎರಡು ಸಲ ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಭಾವ ಸಂಕೋಚದಿಂದ ನಕ್ಕುಬಿಟ್ಟರು. ಆ ನಗುವಿಗೂ ನನಗೆ ಕೋಪ ಬಂತು.

ಹೀಗಿರುವಾಗ ಮಂಡ್ಯದ ಒಂದು ಸಂಘದವರು, ಜಿಲ್ಲೆಯ ಪ್ರತಿಭೆಗಳಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ನಿಮ್ಮ ಹುಡುಗಿಗೂ ಶಾಲು ಹೊದಿಸುತ್ತೇವೆ ಎಂದು ಅಕ್ಕನಿಗೆ ಫೋನ್ ಮಾಡಿದರು. ಕೊನೆಗೆ ಒಂದು ಮಾತು ಸೇರಿಸಿದರು: ವೇದಿಕೆಯ ಮೇಲೆ ಒಂದು ಭಾವಗೀತೆ ಹೇಳಿದರೆ ಸಾಕು, ಅವಳದು ಬೇಡ. ಆಲ್ಬಮ್ಮಿಗೆ ಸನ್ಮಾನ, ಆದರೆ ಆಲ್ಬಮ್ಮಿನ ಹಾಡು ಬೇಡ! ಹೋಗಲೇಬಾರದು ಎಂದು ನಾನು ಹಾರಾಡಿದೆ. ಹುಡುಗಿ ಮಾತ್ರ ಶಾಂತವಾಗಿ, "ಓಗಾನ, ನೋಡಾನ" ಎಂದಳು.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ನಾನು, ಅಕ್ಕ, ಭಾವ ಮೂರನೆಯ ಸಾಲಿನಲ್ಲಿದ್ದೆವು. ಅಜ್ಜಿ ಮಂಡಿನೋವೆಂದು ಮಳವಳ್ಳಿಯ ತಮ್ಮ ಮನೆಯಲ್ಲೇ ಉಳಿದಿದ್ದರು. ಸಂಘದ ಅಧ್ಯಕ್ಷರು ಮೈಕಿನ ಮುಂದೆ ಬಹಳ ಹೊತ್ತು ಸಂಸ್ಕೃತಿಯ ಬಗ್ಗೆ ಮಾತಾಡಿ, ಕೊನೆಗೆ ನಮ್ಮ ಹುಡುಗಿಯ ಕಡೆ ಕೈ ತೋರಿಸಿದರು.

"ಈ ಮಗಳಿಗೆ ಕಂಠವಿದೆ. ಆದರೆ ಇಂದಿನ ಮಕ್ಕಳು ಸೋಬಾನೆಗೂ ಪ್ಯಾಂಟು ತೊಡಿಸುತ್ತಿದ್ದಾರೆ. ನಮ್ಮ ತಾಯಂದಿರ ಪದಗಳನ್ನು ಬೀದಿಗೆ ತಂದು ನಿಲ್ಲಿಸಿದ್ದಾರೆ. ಇದನ್ನು ತಿದ್ದಿ ಹೇಳುವುದು ಹಿರಿಯರಾದ ನಮ್ಮ ಕರ್ತವ್ಯ."

ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ಕುರ್ಚಿಯಲ್ಲಿ ಹುಡುಗಿ ತಲೆ ಎತ್ತಿಯೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಸ್ವಾಮಿ, ನೀವು ಆ ಹಾಡು ಕೇಳಿದ್ದೀರಾ?"

"ಯಾರಮ್ಮ ತಾವು?"

"ಯಾರಾದ್ರೂ ಆಗಿರ್ಲಿ. ಕೇಳಿದ್ದೀರಾ? ಕೇಳಿದ್ರೆ ಒಂದು ಸಾಲು ಹೇಳಿ."

ಅವರು ಕನ್ನಡಕ ಸರಿಮಾಡಿಕೊಂಡರು. "ಮನೇಲಿ ಮೊಮ್ಮಗ ಒಂದ್ ಚೂರು ಹಾಕಿದ್ದ. ಅಷ್ಟು ಸಾಕಲ್ಲವೇ, ಅನ್ನ ಬೆಂದಿದೆಯೋ ಇಲ್ಲವೋ ತಿಳಿಯೋದಕ್ಕೆ?"

ಸಭೆ ನಕ್ಕಿತು. "ಅದು ಅನ್ನ ಅಲ್ಲ ಸ್ವಾಮಿ, ಹಾಡು. ಪೂರ್ತಿ ಕೇಳ್ಬೇಕು" ಎಂದು ನಾನು ಕೂಗಿದೆ. ಹಿಂದಿನಿಂದ ಯಾರೋ "ಕೂತ್ಕಳಮ್ಮೋ, ಊಟಕ್ಕೆ ಒತ್ತಾಯ್ತದೆ" ಎಂದರು. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು. ನಿರೂಪಕರು ಗಡಿಬಿಡಿಯಲ್ಲಿ ಹುಡುಗಿಯ ಹೆಗಲಿಗೆ ಶಾಲು ಹೊದಿಸಿ, ಈಗ ಒಂದು ಸುಮಧುರ ಭಾವಗೀತೆ ಎಂದು ಮೈಕನ್ನು ಅವಳ ಕೈಗೆ ಕೊಟ್ಟರು.

ಅವಳು ಶಾಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

"ನಾನು ಹಾಡಿದ್ದನ್ನ ನೀವು ಕೇಳಿಲ್ಲ. ನೀವು ಕೇಳ್ಬೇಕು ಅಂತಿರೋದನ್ನ ನಾನು ಹಾಡಿಲ್ಲ. ಅಂದ್ಮೇಲೆ ಈ ಶಾಲು ನನಗೆ ಯಾಕೆ ಅಂತ ಗೊತ್ತಾಗ್ಲಿಲ್ಲ. ಕರೆದಿದ್ದಕ್ಕೆ ನಮಸ್ಕಾರ."

ದನಿ ಒಂದಿಷ್ಟೂ ಏರಿಸದೆ ಅಷ್ಟು ಹೇಳಿ ಮೆಟ್ಟಿಲಿಳಿದು ಬಂದಳು. ನನ್ನ ಎದೆ ಉಬ್ಬಿಹೋಗಿತ್ತು. ಹೊರಗೆ ಬಂದವಳೇ ಅವಳು ನನ್ನ ಮೇಲೆ ತಿರುಗಿಬಿದ್ದಳು.

"ನೀನ್ಯಾಕೆ ಎದ್ದೆ ಚಿಕ್ಕಮ್ಮ? ನನಗೆ ಮಾತು ಬರಲ್ವಾ?"

"ಅವ್ನು ಅಂಗಂದ್ರೆ ಸುಮ್ನಿರಕ್ಕಾಯ್ತದಾ?"

"ನಾನೇ ಮಾತಾಡ್ತಿದ್ನಲ್ಲ! ಮನೇಲೇ ಯೋಚ್ನೆ ಮಾಡ್ಕಂಡು ಬಂದಿದ್ದೆ. ಈಗ ನೋಡು, ನಾನೇನಂದೆ ಅಂತ ಯಾರ್ಗೂ ಗ್ಯಾನ ಇರಲ್ಲ. ಅವ್ಳ ಚಿಕ್ಕಮ್ಮ ಕಿತ್ತಾಡುದ್ಲು ಅಂತಾರೆ ಅಷ್ಟೆ."

ಅವಳು ಹೇಳಿದ ಹಾಗೇ ಆಯಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ನಾನು ಕೈ ಬೀಸುತ್ತ ಕೂಗುವುದು ಮಂಡ್ಯದ ಎಲ್ಲರ ಮೊಬೈಲಿನಲ್ಲೂ ಇತ್ತು. ಅವಳು ಶಾಲು ಮಡಿಸಿಟ್ಟು ಆಡಿದ ಮಾತನ್ನು ಕತ್ತರಿಸಿಬಿಟ್ಟಿದ್ದರು. ಹಾಡು ಕೇಳದವರೆಲ್ಲ ಜಗಳ ನೋಡಿದರು, ಪೂರ್ತಿ ನೋಡಿದರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಕರೆದು, "ಸಾರ್ವಜನಿಕವಾಗಿ ಸ್ವಲ್ಪ ತಾಳ್ಮೆ ಇರಲಿ ಮೇಡಂ" ಎಂದರು. ಆ ಅಧ್ಯಕ್ಷರಿಗೆ ಯಾರಾದರೂ ಏನಾದರೂ ಹೇಳಿದರೇ? ಇಲ್ಲ. ಎದ್ದು ಕೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸಿಲ್ಲ. ಅವಳ ಸರದಿಗೆ ಕಾಯಬೇಕಿತ್ತು ಎಂದು ಅವಳು ಹೇಳುತ್ತಾಳೆ; ನಾವಿಬ್ಬರೂ ಇವತ್ತಿಗೂ ಈ ವಿಷಯದಲ್ಲಿ ಒಪ್ಪಿಲ್ಲ.

ಮುಂದಿನ ರಜೆಯಲ್ಲಿ ಅವಳೊಂದಿಗೆ ಮಳವಳ್ಳಿಗೆ ಹೋದೆ. ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ನನ್ನ ಬೀದಿಗೆ ತಂದ್ಲು ಅಂದ್ನಂತಲ್ಲ ಯಾವನೋ?" ಎಂದು ನನ್ನನ್ನು ಕೇಳಿದರು.

"ಹೌದು ಅತ್ತೆ."

"ಇವ್ಳು ಉಟ್ಟಕ್ಕಿಂತ ಮುಂಚ್ಲಿಂದ ಬೀದೀಲೇ ಅಲ್ವಾ ನಾನು ನಡ್ಕಂಡೋಗಿದ್ದು? ಮದ್ವೆ ಮನೆಗಳ್ಗೇನು ಅವ್ನ ಕಾರ್ ಕಳಿಸ್ತಿದ್ನಾ?"

ನಾನು ನಕ್ಕೆ. ಅವರು ನಗಲಿಲ್ಲ. ಯಾರೂ ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂಬ ಸಿಟ್ಟು ಅವರಿಗೆ ನಿಜವಾಗಿಯೂ ಇತ್ತು. ಕೆಡಿಸಿದಳು ಎಂದವರಾಗಲಿ, ಉಳಿಸಿದಳು ಎಂದವರಾಗಲಿ, ಹಾಡಿದ ಹೆಂಗಸು ಬದುಕಿದ್ದಾಳೆ, ಮಳವಳ್ಳಿಯಲ್ಲಿದ್ದಾಳೆ ಎಂದು ವಿಚಾರಿಸಿರಲಿಲ್ಲ. ಅವರಿಗೆಲ್ಲ ಆಕೆ ಒಂದು ದನಿ ಮಾತ್ರ, ಎಲ್ಲಿಂದಲೋ ಎತ್ತಿಕೊಂಡು ಬಂದ ಹಳೆಯ ಸಾಮಾನಿನ ಹಾಗೆ.

"ಅತ್ತೆ, ನಿಮ್ಗೆ ಹೆಂಗನ್ನಿಸ್ತು?" ಎಂದೆ. ಕೇಳುವಾಗ ನನಗೇ ನಾಚಿಕೆಯಾಯಿತು. ಇಷ್ಟು ದಿನ ನಾನೂ ಕೇಳಿರಲಿಲ್ಲ.

"ಎಲ್ಲಿ, ಪೂರ್ತಿ ಹಾಕ್ ಅಮ್ಮಿ" ಎಂದರು ಮೊಮ್ಮಗಳಿಗೆ. ಅವಳು ತನ್ನ ದೊಡ್ಡ ಹೆಡ್‌ಫೋನನ್ನು ಅಜ್ಜಿಯ ತಲೆಗೆ ಸಿಕ್ಕಿಸಿದಳು. ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡು, ಒಂದು ಹಾಡನ್ನೂ ಬಿಡದೆ, ಕೊನೆಯವರೆಗೆ ಕೇಳಿದರು. ನಡುವೆ ಒಮ್ಮೆ ತೊಡೆಯ ಮೇಲೆ ತಾಳ ಹಾಕಿದರು. ಒಮ್ಮೆ ಮುಖ ಸಿಂಡರಿಸಿದರು. ಸ್ಕೂಟರಿನ ಹಾಡಿಗೆ ಮೈ ಕುಲುಕುವಷ್ಟು ನಕ್ಕರು. ಹೆಡ್‌ಫೋನ್ ಕಿವಿಯಲ್ಲಿದ್ದುದರಿಂದ ತಮ್ಮ ದನಿ ಎಷ್ಟು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಲೇ ಅಮ್ಮಿ! ನಿನ್ನ ಗಂಟ್ಲು ದೊಡ್ಡದ್ ಮಾಡಿ ನನ್ನ ಗಂಟ್ಲು ಸಣ್ಣದ್ ಮಾಡಿವ್ಯಲ್ಲ, ಯಾಕೆ?"

ಹುಡುಗಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, "ಅದು ಹಂಗೇ ಇರ್ಬೇಕು ಕಣಜ್ಜಿ, ದೂರದಿಂದ ಕೇಳ್ದಂಗೆ" ಎಂದಳು.

"ನಾನ್ಯಾಕೆ ದೂರ ಇರ್ಲಿ? ಅತ್ರಕ್ ಕರ್ಕೊ!"

ಹುಡುಗಿ ಬಗ್ಗಲಿಲ್ಲ, ಅಜ್ಜಿಯೂ ಬಗ್ಗಲಿಲ್ಲ. ಎದುರು ಮನೆಯಾಕೆ ಜಗಳವೆಂದುಕೊಂಡು ಬಾಗಿಲಿಗೆ ಬಂದು ನಿಂತಳು. ಹುಡುಗಿ ಮೊಬೈಲಿನಲ್ಲಿ ಅದೇ ಹಾಡನ್ನು ಮತ್ತೆ ಮೊದಲಿನಿಂದ ಹಾಕಿ, ಎಲ್ಲೆಲ್ಲಿ ಸಣ್ಣದಾಗಿದೆ ತೋರಿಸು ಎಂದು ಅಜ್ಜಿಯ ಪಕ್ಕ ಕೂತಳು. ಅಜ್ಜಿ ಬೆರಳೆತ್ತಿ "ಇಲ್ಲಿ" ಎಂದು ಕೂಗಿದರು, ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ "ಇಲ್ಲಿ ನೋಡು" ಎಂದರು. ನಾನು ಮೊರ ಎಳೆದುಕೊಂಡು ಉಳಿದ ಅವರೆಕಾಯಿ ಸುಲಿಯತೊಡಗಿದೆ.