ಥೈರಾಯ್ಡ್ ಎಂದು ಹೇಳಿದ್ದು ನಾನೇ

ದೇವರಾಜ ಮೊಹಲ್ಲಾದಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ. ಇಪ್ಪತ್ತೈದು ವರ್ಷ ಗಲ್ಲಾದಲ್ಲಿ ಕೂತವನಿಗೆ ಮಾತಿಗೆ ಬರವಿಲ್ಲ. ಇಲ್ಲದ ಸರಕನ್ನು ನಾಳೆ ಬರುತ್ತೆ ಸಾರ್ ಎಂದು ಹೇಳಿ ಹೇಳಿ ನಾಲಿಗೆ ಪಳಗಿಬಿಟ್ಟಿದೆ. ಹಾಗಾಗಿ ಆವತ್ತು ಅಕ್ಕ ನಮ್ಮ ಫ್ರಿಜ್ ಮೇಲಿದ್ದ ಮಾತ್ರೆಯ ಕವರ್ ನೋಡಿ ಯಾರಿಗೆ ಇದು ಎಂದು ಕೇಳಿದಾಗ ನಾನು ಯೋಚಿಸಬೇಕಾಗಿಯೇ ಬರಲಿಲ್ಲ. ಮಗಳಿಗೆ, ಥೈರಾಯ್ಡ್ ಅಂತೆ ಎಂದುಬಿಟ್ಟೆ.

ನಿಜ ಏನೆಂದರೆ ಮಗಳಿಗೆ ಡಿಪ್ರೆಶನ್. ಡಿಗ್ರಿ ಎರಡನೇ ವರ್ಷದಲ್ಲಿದ್ದವಳು ಕಾಲೇಜು ಬಿಟ್ಟು, ತಲೆ ಬಾಚುವುದನ್ನೂ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿ ಎರಡು ತಿಂಗಳಾದ ಮೇಲೆ ನಮಗೆ ಬುದ್ಧಿ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅಲ್ಲಿಯವರೆಗೆ ನಾನು ಸೋಮಾರಿತನ ಎಂದು ಗದರುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸುಳ್ಳು ಹೇಳುವಾಗ ಆಳು ನೋಡಿ ಹೇಳಬೇಕಿತ್ತು. ನಮ್ಮಕ್ಕನಿಗೆ ಹದಿನೈದು ವರ್ಷದಿಂದ ಥೈರಾಯ್ಡ್. ಆ ವಿಷಯದಲ್ಲಿ ಅವಳು ಅರ್ಧ ಡಾಕ್ಟರು. ರಿಪೋರ್ಟಿನಲ್ಲಿ ಎಷ್ಟು ಬಂದಿದೆ ಎಂದು ಕೇಳಿದಳು. ನನ್ನ ಬಾಯಿಗೆ ಬಂದದ್ದು ಎಂಬತ್ತು. ಐದರೊಳಗೆ ಇರಬೇಕಂತೆ, ನನಗೇನು ಗೊತ್ತು? ಅಕ್ಕ ಎದೆ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು.

ಮಾರನೆಯ ದಿನದಿಂದ ಬೆಳಿಗ್ಗೆ ಆರಕ್ಕೆ ಫೋನು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ತಗೊಂಡಳಾ, ಅರ್ಧ ಗಂಟೆ ಕಾಫಿ ಕೊಡಬೇಡಿ, ಕೋಸು ಹೂಕೋಸು ಮನೆಯೊಳಗೇ ತರಬೇಡಿ. ಮಗಳ ಮಾತ್ರೆ ರಾತ್ರಿ ಊಟದ ಮೇಲೆ ತಗೊಳ್ಳುವಂಥದ್ದು. ಆದರೂ ನಾನು ಕಾಫಿ ಲೋಟ ಹಿಡಿದುಕೊಂಡೇ, ಹೂಂ ಅಕ್ಕ, ಈಗ ತಾನೇ ನುಂಗಿದಳು ಎನ್ನುತ್ತಿದ್ದೆ. ಆಗಾಗ ಅಕ್ಕನ ಮನೆಯಿಂದ ಕೊತ್ತಂಬರಿ ಬೀಜ ನೆನೆಸಿದ ನೀರು ಬಾಟಲಿಯಲ್ಲಿ ಬರುತ್ತಿತ್ತು. ಚೆಲ್ಲಲು ಮನಸ್ಸು ಬಾರದೆ ನಾನೇ ಕುಡಿಯುತ್ತಿದ್ದೆ. ಒಂದು ದಿನ ಮೂಗು ಮುಚ್ಚಿಕೊಂಡು ಕುಡಿಯುವುದನ್ನು ಮಗಳು ಬಾಗಿಲಲ್ಲಿ ನಿಂತು ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು. ನನಗೆ ಆ ಸುಳ್ಳಿನ ಮೇಲೆ ಪ್ರೀತಿಯೇ ಹುಟ್ಟಿತು.

ನಗು ನಿಂತ ಮೇಲೆ ಅವಳು ಕೇಳಿದಳು: "ಥೈರಾಯ್ಡ್ ಆದ್ರೆ ಹೇಳ್ಬೋದು, ಇದನ್ನ ಹೇಳ್ಬಾರ್ದು, ಅಲ್ವಾಪ್ಪ?"

ಜನ ಒಂದಕ್ಕೆರಡು ಸೇರಿಸುತ್ತಾರೆ, ನಾಳೆ ನಿನ್ನ ಮದುವೆಗೆ ತೊಂದರೆಯಾಗುತ್ತೆ ಎಂದೆಲ್ಲ ಏನೇನೋ ಬಡಬಡಿಸಿದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾತ್ರೆಯೂ ಬೇಡವಂತೆ. ಹೇಳಿಕೊಳ್ಳಲಾಗದ ಕಾಯಿಲೆಗೆ ಔಷಧಿ ಯಾಕೆ ಎನ್ನುವುದು ಅವಳ ವಾದ. ಅವಳಮ್ಮ ಗೋಗರೆದು ನುಂಗಿಸಿದಳು. ನನ್ನ ಮಾತೇ ಮಗಳನ್ನು ಮತ್ತೆ ಗೋಡೆ ಕಡೆ ತಿರುಗಿಸುತ್ತಿದೆ ಎಂದು ಭಯವಾಯಿತು. ಆದರೂ ಅಕ್ಕನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

ಮುಂದಿನ ತಿಂಗಳು ಸಂಬಂಧಿಕರ ಮದುವೆ. ಮಗಳು ತಾನಾಗಿಯೇ ಬರುತ್ತೇನೆಂದು ಹೊರಟಳು. ಛತ್ರದಲ್ಲಿ ಊಟಕ್ಕೆ ಅಕ್ಕನ ಪಕ್ಕ ಮಗಳು, ಮಗಳ ಪಕ್ಕ ನಾನು. ಬಡಿಸುವವರು ಕೋಸಿನ ಪಲ್ಯ ತಂದರು. ಅಕ್ಕ ಮಗಳ ಎಲೆಗೆ ಕೈ ಅಡ್ಡ ಹಿಡಿದು, ಈ ಹುಡುಗಿಗೆ ಥೈರಾಯ್ಡು, ಹಾಕಬೇಡಿ ಎಂದಳು. ಎದುರು ಸಾಲಿನವರೆಲ್ಲ ತಲೆಯೆತ್ತಿದರು.

ಮಗಳು ಅಕ್ಕನ ಕೈಯನ್ನು ಮೆಲ್ಲಗೆ ಸರಿಸಿದಳು. "ಅತ್ತೆ, ನಂಗೆ ಥೈರಾಯ್ಡ್ ಇಲ್ಲ. ಡಿಪ್ರೆಶನ್ ಇದೆ. ಅದಕ್ಕೆ ಮಾತ್ರೆ ತಗೋತಿದೀನಿ." ಆಮೇಲೆ ಬಡಿಸುವವರ ಕಡೆ ತಿರುಗಿ, ಹಾಕಿ ಅಣ್ಣ ಎಂದಳು.

ನಾನು ಎಲೆಯ ತುದಿಯ ಉಪ್ಪನ್ನೇ ನೋಡುತ್ತಾ ಕೂತೆ. ಛತ್ರವೇನೂ ಕುಸಿದು ಬೀಳಲಿಲ್ಲ. ಎದುರಿನವರೊಬ್ಬರು ಸಾರು ಬರಲಿ ಎಂದು ಕೂಗಿದರು. ಅಕ್ಕ ಒಂದು ಸಲ ಮಗಳನ್ನು, ಒಂದು ಸಲ ನನ್ನನ್ನು ನೋಡಿ, "ಇನ್ನೊಂಚೂರು ಹಾಕ್ರೀ ಮಗೂಗೆ" ಎಂದಳು. ನನ್ನ ಜೊತೆ ಮಾತ್ರ ಪಾಯಸ ಮುಗಿಯುವವರೆಗೂ ಮಾತಿಲ್ಲ.

ಕೈ ತೊಳೆಯುವಲ್ಲಿ ಮಗಳು ನನ್ನ ಪಕ್ಕದ ನಲ್ಲಿಗೆ ಬಂದು ನಿಂತಳು. "ಅಪ್ಪ, ನನ್ನಿಂದ ನಿಂಗೆ ನಾಚ್ಕೆ ಆಗ್ತಿತ್ತಾ?"

ಬಾಯಿಗೆ ಹತ್ತು ಉತ್ತರ ಬಂದವು. ಎಲ್ಲವನ್ನೂ ನುಂಗಿಕೊಂಡೆ. "ಆಗ್ತಿತ್ತು ಕಣಮ್ಮ" ಎಂದೆ.

ಅವಳು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡಳು. "ನಂಗೂ ಆಗ್ತಿತ್ತು" ಎಂದಳು.