ದನಿಯೊಳಗಿನ ಕಫ

ಹಾಸನದ ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸುವ ಮಿಷನ್ ಶುರುವಾದರೆ ಸಾಕು, ಪೆಟ್ರೋಲು, ಆಯಿಲ್ಲು ಒಟ್ಟಿಗೆ ಸುಟ್ಟ ಆ ವಾಸನೆಗೆ ಒಲೆ ಮೇಲಿನ ಹಾಲನ್ನೂ ಮರೆತು ಕಿಟಕಿಗೆ ಓಡುತ್ತೇನೆ. ಎಲ್ಲರ ಬಾಲ್ಯವೂ ಮಲ್ಲಿಗೆ ಘಮದಲ್ಲೇ ಇರಬೇಕೆಂದೇನಿಲ್ಲವಲ್ಲ! ನನ್ನದು ಚನ್ನರಾಯಪಟ್ಟಣದಲ್ಲಿ, ಮನೆಗೆ ಅಂಟಿಕೊಂಡಿದ್ದ ಚಿಕ್ಕಪ್ಪನ ಬೈಕ್ ರಿಪೇರಿ ಶೆಡ್ಡಿನಲ್ಲಿತ್ತು. ಈಗ ಆ ಶೆಡ್ಡೂ ಇಲ್ಲ, ಮನೆಯೂ ಇಲ್ಲ. ರಸ್ತೆ ಅಗಲವಾದಾಗ ಎರಡೂ ಹೋದವು.

ಚಿಕ್ಕಪ್ಪ ಮೈಲೇಜಿಗೆ ಹೆಸರುವಾಸಿ. ಕಾರ್ಬೊರೇಟರಿನ ಸ್ಕ್ರೂ ಒಂದೆಳೆ ತಿರುಗಿಸಿ ಪೆಟ್ರೋಲು ಉಳಿಸಿಕೊಡುತ್ತಾನೆಂದು ದೂರದ ದುದ್ದದಿಂದಲೂ ಗಾಡಿ ತರುತ್ತಿದ್ದರು. ಅಂಥವನಿಗೆ ಗಿರಾಕಿಯೊಬ್ಬ ರೆಕ್ಕೆ ಮುರಿದ ಆಟದ ವಿಮಾನವೊಂದನ್ನು ರಿಮೋಟ್ ಸಮೇತ ಕೊಟ್ಟುಹೋದ. ಅದರ ಅಂಗೈಯಗಲದ ಇಂಜಿನ್ನಿಗೆ ಬೇಕಾದ ಸ್ಪಿರಿಟ್ಟಿನಂಥ ಇಂಧನ ನಮ್ಮ ಕಡೆ ಸಿಗುತ್ತಿರಲಿಲ್ಲ. 'ಪೆಟ್ರೋಲ್ ಕುಡ್ಸಾನ ಬುಡು' ಎಂದವನೇ ರೆಕ್ಕೆ ಸರಿಮಾಡಿ, ಪುಟಾಣಿ ಪ್ಲಗ್ಗು, ಬೆಳೆಗೆ ಔಷಧಿ ಹೊಡೆಯುವ ಮಿಷನ್ನಿನ ಕಾರ್ಬೊರೇಟರು ಕೂರಿಸಿದ. ಒಂದೇ ಒಂದು ಸಲ ಅದು ಮೇಲಕ್ಕೇರುವುದನ್ನು ನೋಡಬೇಕೆಂಬ ಹುಚ್ಚು ಅವನಿಗೆ. ಆದರೆ ಬೈಕುಗಳ ಸದ್ದಿನಲ್ಲೇ ಬದುಕಿ ಕಿವಿ ಮಂದವಾಗಿತ್ತು. ಆ ಸಣ್ಣ ಇಂಜಿನ್ನಿನ ಸಣ್ಣ ದನಿ ದಕ್ಕುತ್ತಿರಲಿಲ್ಲ. ಹಾಗಾಗಿ ಸ್ಕ್ರೂ ಅವನದು, ಕಿವಿ ನನ್ನದು. ಹತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದಿದೆ ಹೇಳಿ! ಸ್ಕ್ರೂ ಒಳಗೆ ಹೋದಷ್ಟೂ ಪೆಟ್ರೋಲು ಕಡಿಮೆ, ಓಟ ಮಾತ್ರ ಜಾಸ್ತಿ. ಕಡಿಮೆ ಉಂಡವರು ಜೋರಾಗಿ ಓಡುವುದುಂಟೇ ಎಂದು ನಾನು ಪೀಡಿಸಿದರೆ, 'ಓಡ್ತಾನೆ, ಆಮ್ಯಾಕೆ ಬೀಳ್ತಾನೆ. ಪೆಟ್ರೋಲ್ ಜೊತೇಲೇ ಆಯಿಲ್ ಓಗೋದು ಕಣವ್ವ, ಅದು ಕಮ್ಮಿ ಆದ್ರೆ ಪಿಸ್ಟನ್ ಕಚ್ಕಂಡು ಇಂಜಿನ್ ನಿಂತೋಯ್ತದೆ. ದನೀಲಿ ಒಸಿ ಕಫ ಉಳೀಬೇಕು' ಎನ್ನುತ್ತಿದ್ದ. ಆ ಕಫವನ್ನು, ಅಂದರೆ ದನಿಯೊಳಗಿನ ಸಣ್ಣ ಗೊರಗೊರವನ್ನು, ಹುಡುಕುತ್ತಾ ನನ್ನ ಬೇಸಿಗೆ ರಜೆಯೆಲ್ಲ ಕಳೆಯಿತು. ಕೊನೆಗೊಂದು ದಿನ ಸಿಕ್ಕೇಬಿಟ್ಟಿತು, ಕುಣಿದಾಡಿದೆವು.

ಬತ್ತಿದ ಕೆರೆಯಂಗಳಕ್ಕೆ ಬೀದಿಯ ಜನವೆಲ್ಲ ಬಂದಿತ್ತು. ಇಂಜಿನ್ನು ಕೆಮ್ಮುತ್ತಾ ಹೊಗೆ ಬಿಟ್ಟಿತು. ಪಕ್ಕದ ಮನೆಯ ತೆಂಗಿನಕಾಯಿ ವ್ಯಾಪಾರಿ ರಂಗಪ್ಪ ಸುಮ್ಮನಿರಬೇಕಲ್ಲ, 'ಏನ್ಲಾ ಮೈಲೇಜ್ ಮೇಷ್ಟ್ರೇ, ನಿನ್ ಇಮಾನ ಈಪಾಟಿ ಎಣ್ಣೆ ಕುಡೀತದಾ!' ಎಂದುಬಿಟ್ಟ. ಜನ ಗೊಳ್ಳೆಂದು ನಕ್ಕರು. ಚಿಕ್ಕಪ್ಪನ ಮುಖ ಕೆಂಪಾಯಿತು. ಬಗ್ಗಿ ಸ್ಕ್ರೂವನ್ನು ಒಂದೆಳೆ ಒಳಗೆ ತಿರುಗಿಸಿದ. ಹೊಗೆ ನಿಂತಿತು, ದನಿ ಸೀಟಿಯಂತೆ ಸಣ್ಣಗಾಯಿತು, ಜನ ಚಪ್ಪಾಳೆ ಹೊಡೆದರು. ಅವನು ನನ್ನತ್ತ ತಿರುಗಿ, 'ಎಂಗೈತವ್ವ?' ಎಂದ. ಕಫ ಇರಲಿಲ್ಲ. ನನಗೆ ಚೆನ್ನಾಗಿ ಕೇಳಿಸಿತ್ತು. ಆದರೆ ಅಷ್ಟು ಜನರೆದುರು ಅವನು ಗೆದ್ದಿದ್ದನಲ್ಲ, 'ಸರಿಯಾಗೈತೆ ಚಿಕ್ಕಪ್ಪ' ಎಂದೆ.

ವಿಮಾನ ಎದ್ದಿತು. ದಡದ ಬೇವಿನ ಮರಕ್ಕಿಂತಲೂ ಮೇಲೇರಿತು, ನಿಜವಾಗಿಯೂ ಏರಿತು. ಅಲ್ಲಿ ಸದ್ದು ಕಿರುಚಿ, ಥಟ್ಟನೆ ನಿಂತುಹೋಯಿತು. ನಾವು ಓಡಿಹೋಗಿ ಎತ್ತಿಕೊಂಡಾಗ ರೆಕ್ಕೆಗಳು ಚೂರಾಗಿದ್ದವು, ಮೂತಿಯ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಅಲುಗಲಿಲ್ಲ, ಪಿಸ್ಟನ್ ಕಚ್ಚಿಕೊಂಡಿತ್ತು. ನನ್ನ ಅಳು ಕಂಡು ಚಿಕ್ಕಪ್ಪ, 'ಯಾಕವ್ವ ಅಳ್ತೀಯ? ನಿನ್ ಕಿವಿ ಸರಿಯಾಗೇ ಹೇಳಿರ್ತದೆ, ನನ್ ಕೈಯೇ ಎಚ್ಚುಕಮ್ಮಿ ಮಾಡ್ತು' ಎಂದ.

ಆಮೇಲೆ ಅವನು ಮತ್ತೊಂದು ವಿಮಾನ ಮಾಡಲಿಲ್ಲ. ಆದರೆ ಬೈಕು ಟ್ಯೂನ್ ಮಾಡಿದಾಗಲೆಲ್ಲ, 'ತಡೀರಿ ಸಾ, ನಮ್ ಕೂಸು ಒಂದ್ ಕಿತ ಕೇಳ್ಳಿ' ಎಂದು ಗಿರಾಕಿಗಳನ್ನು ಕಾಯಿಸುತ್ತಿದ್ದ. ನಾನು ಕೇಳಿ ಹೇಳುತ್ತಿದ್ದೆ, ಮತ್ತೆಂದೂ ಸುಳ್ಳು ಹೇಳಲಿಲ್ಲ. ಹೋದ ವರ್ಷ ಚಿಕ್ಕಪ್ಪ ತೀರಿಕೊಂಡ. ಅಂದು ಕೆರೆಯಂಗಳದಲ್ಲಿ ನಾನಂದದ್ದು ಸುಳ್ಳೆಂದು ಅವನಿಗೆ ಹೇಳಲೇ ಇಲ್ಲ. ಬೈಯುತ್ತಾನೆಂಬ ಭಯವಲ್ಲ, ಅವನು ಬೈಯುವವನೇ ಅಲ್ಲ. ಹೇಳಿದ್ದರೆ, ಆಮೇಲೆ 'ಎಂಗೈತವ್ವ?' ಎಂದು ನನ್ನನ್ನು ಕೇಳುತ್ತಿರಲಿಲ್ಲವೇನೋ ಎಂದು.